ಎಂಜಿನ್ನಿನ ತಾಳಕ್ಕೆ ಕೂಡದ ಸದ್ದು

ಹಳೆ ಎಂಜಿನ್ ಕೊಳ್ಳುವಾಗ ನಾನು ಮಾರುವವನ ಮಾತು ಕೇಳುವುದಿಲ್ಲ, ಎಂಜಿನ್ನಿನ ಮಾತು ಕೇಳುತ್ತೇನೆ. ಆ ಬುಧವಾರ ನಾಸಿಕದಲ್ಲೂ ಹಾಗೇ ಮಾಡಿದೆ. ಊರ ಹೊರಗೆ ಹೆದ್ದಾರಿಯ ಪಕ್ಕ ಒಂದು ತಗಡಿನ ಗೋದಾಮು. ಅಪಘಾತವಾದ ಗಾಡಿಗಳಿಂದ ಎಂಜಿನ್ ಇಳಿಸಿ ಮಾರುವ ಅಲ್ಲಿನ ವ್ಯಾಪಾರಿ ಹುಮನಾಬಾದ ಕಡೆಯವರು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನಾನು ಭಾಲ್ಕಿಯವನು, ಸಂಭಾಜಿನಗರದ ವಾಳೂಜ್‌ನಲ್ಲಿ ಗ್ಯಾರೇಜು ಇಟ್ಟುಕೊಂಡವನು. ಇಬ್ಬರೂ ಬೀದರ ಜಿಲ್ಲೆಯವರು ಅಂತ ಗೊತ್ತಾದ ಮೇಲೆ ಅವರು ನನ್ನನ್ನು ತಮ್ಮಾ ಎಂದು ಕರೆಯತೊಡಗಿದರು, ನಾನು ಅವರನ್ನು ಅಣ್ಣಾರ ಎಂದೆ. ಚಹಾ ಬಂತು.

ಎಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಡೀಸೆಲ್ ಡಬ್ಬಿಯ ಪೈಪು ಸಿಕ್ಕಿಸಿ, ಬ್ಯಾಟರಿ ಹಚ್ಚಿ ಚಾಲೂ ಮಾಡಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಅರ್ಧ ಗಂಟೆ ನಿಂತೆ. ನಾಲ್ಕು ಸಿಲಿಂಡರಿನಲ್ಲಿ ಒಂದರಲ್ಲೂ ಕೊಸರಿರಲಿಲ್ಲ. ಕುಡಿದಿಟ್ಟ ನೀರಿನ ಲೋಟವನ್ನು ಅದರ ನೆತ್ತಿಯ ಮೇಲಿಟ್ಟೆ. ನೀರು ನಡುಗಿತೇ ಹೊರತು ಒಂದು ಹನಿ ಚೆಲ್ಲಲಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದರೂ ನನಗೆ ಇದು ಇನ್ನೂ ಆಶ್ಚರ್ಯವೇ. ಒಳಗೆ ಸೆಕೆಂಡಿಗೆ ಅಷ್ಟು ಸಲ ಬೆಂಕಿ ಹೊತ್ತುತ್ತದೆ, ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ ಅಷ್ಟು ಭಾರವನ್ನು ಹೊರುತ್ತದೆ, ಹೊರಗೆ ಲೋಟದ ನೀರು ಚೆಲ್ಲುವುದಿಲ್ಲ!

ಕೆಳಗಿನ ಎಣ್ಣೆ ತೊಟ್ಟಿಯ, ಅಂದರೆ ಸಂಪಿನ, ಬೋಲ್ಟುಗಳ ಮೇಲೆ ಅವರು ಬಿಚ್ಚಿದರೆ ಗೊತ್ತಾಗಲೆಂದು ಕೆಂಪು ಬಣ್ಣದ ಸೀಲ್ ಬಳಿದಿದ್ದರು.

“ತಮ್ಮಾ, ಈ ಕೆಂಪು ನೋಡ್ಕೋ. ಇದು ಒಡೀತು ಅಂದ್ರ ನಂದೇನೂ ಜಿಮ್ಮೇದಾರಿ ಇಲ್ಲ. ಒಡೀಲಿಲ್ಲ ಅಂದ್ರ ಎಂಟು ದಿನದಾಗ ಯಾವಾಗರೆ ತಗೊಂಡ್ ಬಾ, ಬ್ಯಾರೇದು ಕೊಡ್ತೀನಿ.”

“ಅಣ್ಣಾರ, ಇದರ ದನಿ ಕೇಳಿದ ಮ್ಯಾಲ ವಾಪಸ್ಸಿನ ಮಾತ್ಯಾಕ್ರಿ?” ಎಂದೆ. ನನ್ನ ಕಿವಿಯ ಮೇಲೆ ನನಗೆ ಅಷ್ಟು ಸೊಕ್ಕು.

ಆ ಎಂಜಿನ್ ಬೇಕಾಗಿದ್ದುದು ಗಂಗಾಪುರದ ಒಬ್ಬ ಡ್ರೈವರನಿಗೆ. ಹನ್ನೆರಡು ಸೀಟಿನ ಅವನ ಡೀಸೆಲ್ ಗಾಡಿ ಮಂಗಳವಾರ, ಗುರುವಾರ, ಶನಿವಾರ ಬೇರೆ ಯಾವ ಬಾಡಿಗೆಯನ್ನೂ ಹಿಡಿಯುವುದಿಲ್ಲ. ಆ ಮೂರು ದಿನ ಅವನು ಸುತ್ತಲಿನ ಹಳ್ಳಿಗಳ ಆರು ಜನರನ್ನು ಡಯಾಲಿಸಿಸ್‌ಗೆ ಸಂಭಾಜಿನಗರದ ಆಸ್ಪತ್ರೆಗೆ ಕರೆದೊಯ್ದು, ಮತ್ತೆ ಮನೆ ಬಾಗಿಲಿಗೆ ಬಿಟ್ಟು ಬರುತ್ತಾನೆ. ಹಿಂದಿನ ವಾರ ದಾರಿಯಲ್ಲೇ ಹಳೆ ಎಂಜಿನ್ ಹಿಡಿದುಕೊಂಡು ನಿಂತುಬಿಟ್ಟಿತ್ತು. ಬೇರೆ ಗಾಡಿ ಸಿಗುವಷ್ಟರಲ್ಲಿ ಇಬ್ಬರ ಪಾಳಿ ಹೋಯಿತು. ಅವರಲ್ಲಿ ಒಬ್ಬರಿಗೆ ಮಲಗಿದರೆ ಉಸಿರು ಹತ್ತುತ್ತಿರಲಿಲ್ಲವಂತೆ, ಬೆಳಗಿನತನಕ ಕೂತೇ ಕಳೆದರಂತೆ. ಸದ್ಯಕ್ಕೆ ಡ್ರೈವರ್ ಯಾರದೋ ಜೀಪು ಇಸಿದುಕೊಂಡಿದ್ದ. ಶನಿವಾರದ ಮೇಲೆ ಅದು ಮದುವೆ ದಿಬ್ಬಣಕ್ಕೆ ಹೋಗುವುದಿತ್ತು. ಮುಂದಿನ ಮಂಗಳವಾರ ಬೆಳಗ್ಗೆ ಅವನ ಗಾಡಿ ಹೊರಡಲೇಬೇಕು. ನನಗಿದ್ದ ಗಡುವು ಅದು.

ಗುರುವಾರ ಇಡೀ ದಿನ ನಾನೂ ನನ್ನ ಫಿಟ್ಟರನೂ ದುಡಿದೆವು. ಫಿಟ್ಟರ್ ನನ್ನ ವಾರಿಗೆಯವನೇ, ಪೈಠಣದವನು, ಮಾತು ಕಡಿಮೆ. ಗಾಡಿಯ ಗೇರ್ ಬಾಕ್ಸ್ ಹಳೆಯದೇ, ಎಷ್ಟೋ ವರ್ಷದಿಂದ ಒಂದು ಚಕಾರ ಎತ್ತದೆ ಓಡಿದ್ದು. ಅದನ್ನೇ ತೊಳೆದು, ಕ್ಲಚ್ ಮಾತ್ರ ಹೊಸದು ಹಾಕಿ, ನಾಸಿಕದ ಎಂಜಿನ್ನಿಗೆ ಜೋಡಿಸಿದೆವು. ಚೈನ್ ಪುಲ್ಲಿಯಿಂದ ಎರಡನ್ನೂ ಒಟ್ಟಿಗೆ ಗಾಡಿಯ ಹೊಟ್ಟೆಗೆ ಇಳಿಸುವಷ್ಟರಲ್ಲಿ ಕತ್ತಲಾಯಿತು. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟ್ ಕೂಡಿಸುವುದು, ಗೇರ್ ಕಡ್ಡಿ ಸಿಕ್ಕಿಸುವುದು ಉಳಿದಿತ್ತು.

ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಪೂಜೆ ಮಾಡಿ ಎಂಜಿನ್ ಚಾಲೂ ಆಗಬೇಕು ಅಂತ ನನ್ನ ಹಟ. ಹೊಸ ಎಂಜಿನ್ ಕೂಡಿಸಿದರೆ ನಮ್ಮ ಗ್ಯಾರೇಜಿನಲ್ಲಿ ನನ್ನ ಹೆಂಡತಿ ಬಂದು ಆರತಿ ಮಾಡಿಯೇ ಮೊದಲ ಚಾವಿ. ಹತ್ತು ಗಂಟೆ ದಾಟಿದರೂ ಫಿಟ್ಟರ್ ಇನ್ನೂ ಸೀಟಿನಲ್ಲಿ ಕೂತು ಗೇರ್ ಕಡ್ಡಿಯ ಜೊತೆ ಗುದ್ದಾಡುತ್ತಿದ್ದ. “ಏ, ಇಳಿ ಕೆಳಗೆ! ಅದೆಲ್ಲ ಆಮೇಲೆ!” ಎಂದು ಕೂಗಿದೆ. ಅವನು ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿ ಇಳಿದ. ಅರಿಶಿನ, ಕುಂಕುಮ, ಅಕ್ಷತೆ, ಕರ್ಪೂರ ಎಲ್ಲ ಆಯಿತು. ತೆಂಗಿನಕಾಯಿ ಒಡೆದು, ಹತ್ತೂ ಇಪ್ಪತ್ತಕ್ಕೆ ಕಡ್ಡಿ ಕೂರಿಸಿಕೊಂಡು ಚಾವಿ ತಿರುಗಿಸಿದೆ.

ಮೊದಲ ಸುತ್ತಿಗೇ ಎಂಜಿನ್ ಹತ್ತಿಕೊಂಡಿತು. ಅದರ ಜೊತೆಗೇ ಖಣ್ ಖಣ್ ಖಣ್ ಖಣ್ ಅಂತ ಯಾರೋ ಒಳಗೆ ಕೂತು ಕಬ್ಬಿಣಕ್ಕೆ ಕಬ್ಬಿಣ ಬಡಿಯುವಂಥ ಸದ್ದು. ರಸ್ತೆಯಾಚೆಯ ಚಹಾದಂಗಡಿಯವನು ಎದ್ದು ನಿಂತು ನೋಡಿದ. ಹೆಂಡತಿ ಆರತಿ ತಟ್ಟೆ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಚಾವಿ ತಿರುಗಿಸಿ ಬಂದ್ ಮಾಡಿದೆ.

ಪರೀಕ್ಷೆ ಒಂದೊಂದಾಗಿ ಶುರು ಮಾಡಿದೆ. ಎಣ್ಣೆಯ ಒತ್ತಡ ಸರಿಯಾಗಿತ್ತು. ಎಣ್ಣೆ ಅಳೆಯುವ ಕಡ್ಡಿಯನ್ನು ಬಿಳಿ ಬಟ್ಟೆಗೆ ಒರೆಸಿ ಬಿಸಿಲಿಗೆ ಹಿಡಿದೆ, ಲೋಹದ ಪುಡಿ ಮಿನುಗಲಿಲ್ಲ. ಇಂಜೆಕ್ಟರಿನ ಪೈಪುಗಳನ್ನು ಒಂದೊಂದಾಗಿ ಸಡಿಲಿಸಿದೆ. ಒಂದು ಸಿಲಿಂಡರಿಗೆ ಡೀಸೆಲ್ ನಿಂತರೆ ಅದರಲ್ಲಿ ಬೆಂಕಿ ಹೊತ್ತುವುದಿಲ್ಲ. ಅಲ್ಲಿನ ಬೇರಿಂಗು ಸವೆದಿದ್ದರೆ ಬಡಿತ ಮೆತ್ತಗಾಗಬೇಕು. ನಾಲ್ಕೂ ಸಲ ಸದ್ದು ಹಾಗೇ ಇತ್ತು. ಫ್ಯಾನ್ ಬೆಲ್ಟ್ ಬಿಚ್ಚಿ ಒಂದು ನಿಮಿಷ ಓಡಿಸಿದೆ. ಹಾಗೇ ಇತ್ತು. ಸ್ಕ್ರೂಡ್ರೈವರ್ ಕಿವಿಗಿಟ್ಟು ಮುಂದಿನಿಂದ ಹಿಂದಕ್ಕೆ ಬಂದೆ. ಎಂಜಿನ್ ಮುಗಿದು ಗೇರ್ ಬಾಕ್ಸ್ ಶುರುವಾಗುವಲ್ಲಿ ಸದ್ದು ಕಿವಿಗೆ ಗುದ್ದುವಷ್ಟು ಜೋರು.

“ಕ್ಲಚ್ ಒತ್ತು” ಎಂದೆ. ಕ್ಲಚ್ ಒತ್ತಿದರೆ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಸಂಬಂಧ ಕಡಿಯುತ್ತದೆ, ಗೇರುಗಳು ನಿಲ್ಲುತ್ತವೆ. ಫಿಟ್ಟರ್ ಪೂರ್ತಿ ಒತ್ತಿ ಹಿಡಿದ. ಖಣ್ ಖಣ್ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅಲ್ಲಿಗೆ ಗೇರ್ ಬಾಕ್ಸ್ ನಿರಪರಾಧಿ ಅಂತ ನಾನು ತೀರ್ಪು ಕೊಟ್ಟುಬಿಟ್ಟೆ. ಉಳಿದಿದ್ದು ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿ. ಮುಂದಿನ ಪುಲ್ಲಿಗೆ ಟಾಮಿ ಸಲಾಕೆ ಹಾಕಿ ಮೀಟಿದರೆ ಅದು ಹಿಂದೆ ಮುಂದೆ ಒಂಚೂರು ಆಡಿತು. ಎಲ್ಲ ಎಂಜಿನ್ನಿನಲ್ಲೂ ಅಷ್ಟು ಆಡುತ್ತದೆ. ಆದರೆ ಸಿಟ್ಟು ನೆತ್ತಿಗೇರಿದವನಿಗೆ ಅಷ್ಟೇ ಸಾಕಾಯಿತು. ನಾಸಿಕಕ್ಕೆ ಫೋನ್ ಹಚ್ಚಿದೆ.

“ಅಣ್ಣಾರ, ಎಂಥಾ ಮಾಲ್ ಕೊಟ್ಟೀರ್ರಿ ನನಗ? ಕ್ರ್ಯಾಂಕ್ ಬಡೀಲಕತ್ತದ, ಕೇಳ್ರಿ!” ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದೆ.

“ತಮ್ಮಾ, ನಿನ್ನ ಕಣ್ಣ ಮುಂದ ಅರ್ಧಾ ತಾಸು ನಡಸಿ ತೋರ್ಸೀನಿ. ಆವಾಗ ಬಡದಿತ್ತೇನು?”

“ಏನರೆ ದಪ್ಪ ಎಣ್ಣಿ ಹಾಕಿ ದನಿ ಮುಚ್ಚೀರಿ. ನಮ್ಮ ಕಡೀಯವರು ಅಂತ ನಂಬಿ ಬಂದೆ. ನಮ್ಮವರೇ ಹಿಂಗ ಕುತ್ತಿಗಿ ಕೊಯ್ದ್ರ ಹ್ಯಾಂಗ್ರಿ?”

“ಸೀಲ್ ಒಡೀಬ್ಯಾಡ್ರಿ. ಎಂಜಿನ್ ತಗೊಂಡ್ ಬರ್ರಿ. ನೀವು ಯಾವುದು ಬೇಕಂತೀರಿ ಅದು ಕೊಡ್ತೀನ್ರಿ” ಎಂದು ಫೋನ್ ಇಟ್ಟರು. ಅಲ್ಲಿಯವರೆಗೆ ನೀ ಎನ್ನುತ್ತಿದ್ದವರು ನೀವು ಎಂದಿದ್ದರು. ಅದು ಮರ್ಯಾದೆಯ ಮಾತಲ್ಲ ಅಂತ ನನಗೆ ತಿಳಿಯಿತು. ತಿಳಿದರೂ ಇಳಿಯಲಿಲ್ಲ ನನ್ನ ಸಿಟ್ಟು.

ಶನಿವಾರಕ್ಕೆ ನನ್ನ ಲೆಕ್ಕ ಹೀಗಿತ್ತು. ಸಂಜೆಯೊಳಗೆ ಎಂಜಿನ್ ಇಳಿಸಬೇಕು, ಭಾನುವಾರ ನಾಸಿಕಕ್ಕೆ ಒಯ್ದು ಬೇರೆಯದು ತರಬೇಕು, ಸೋಮವಾರ ಕೂಡಿಸಬೇಕು. ಆಗುವ ಮಾತಲ್ಲ ಅಂತ ನನಗೂ ಗೊತ್ತು. ಸಂಪು ಬಿಚ್ಚಿ ಕ್ರ್ಯಾಂಕ್ ನೋಡೋಣವೆಂದರೆ ಕೆಂಪು ಸೀಲ್ ಒಡೆಯುತ್ತದೆ. ಒಳಗೆ ನಿಜಕ್ಕೂ ಕೆಟ್ಟಿದ್ದರೆ ಡ್ರೈವರನಿಗೆ ಇನ್ನೊಂದು ಎಂಜಿನ್ ಕೊಳ್ಳುವ ಶಕ್ತಿಯಿಲ್ಲ. ಊಟದ ಹೊತ್ತಿಗೆ ಚೈನ್ ಪುಲ್ಲಿ ಕಟ್ಟಿದೆವು. ಬಿಚ್ಚುವ ಮುಂಚೆ ಕೊನೆಯ ಸಲ ನೋಡೋಣ ಅಂತ ಮೂರನೆಯ ಸಿಲಿಂಡರಿನ ಪೈಪು ಸಡಿಲಿಸಿ ಚಾಲೂ ಮಾಡಿದೆ. ಅದೇ ಹೊತ್ತಿಗೆ ಆಸ್ಪತ್ರೆಯಿಂದ ಮರಳುತ್ತಿದ್ದ ಜೀಪು ಗ್ಯಾರೇಜಿನ ಮುಂದೆ ನಿಂತಿತು. ಡ್ರೈವರ್ ಇಳಿದು ಓಡಿ ಬಂದ. ಫಿಟ್ಟರನ ಹಾಗೆಯೇ ಅವನೂ ಅವನ ಜನರೂ ಆಡಿದ್ದು ಮರಾಠಿಯಲ್ಲಿ, ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ಶೇಠ್, ಸದ್ದು ತಾನೇ? ಇರಲಿ ಬಿಡಿ. ಮಂಗಳವಾರ ಒಂದು ದಿನ ಹೀಗೇ ಓಡಿಸುತ್ತೇನೆ. ಮೆಲ್ಲಗೆ ಹೋಗುತ್ತೇನೆ.”

“ಹುಚ್ಚು ಹಿಡಿದಿದೆಯಾ? ಓಡುವಾಗ ಕ್ರ್ಯಾಂಕ್ ಮುರಿದು ಒಳಗೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ಜಾಮ್ ಆಗುತ್ತದೆ. ಆರು ಜನರನ್ನು ಕೂರಿಸಿಕೊಂಡು ಲಾರಿಯ ಕೆಳಗೆ ಹೋಗುತ್ತೀಯಾ?” ಎಂದೆ. ಪಾಪ, ಅವನಾದರೂ ಏನು ಮಾಡಿಯಾನು!

ಜೀಪಿನಿಂದ ಒಬ್ಬರು ಮೆಲ್ಲನೆ ಇಳಿದು ಬಂದರು. ಅರವತ್ತರ ಆಸುಪಾಸು, ಬಿಳಿ ಟೊಪ್ಪಿಗೆ, ಕೊರಳಲ್ಲಿ ತುಳಸಿ ಮಾಲೆ, ಎಡಗೈಗೆ ಮೊಣಕೈ ಹತ್ತಿರ ಪಟ್ಟಿ. ಡಯಾಲಿಸಿಸ್ ಮುಗಿಸಿ ಬಂದವರ ಮುಖ ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು, ರಕ್ತವೇ ಇಲ್ಲದ ಹಾಗೆ. ಭಜನೆ ಮಾಡುತ್ತ ಯಾತ್ರೆ ಹೋಗುವ ವಾರಕರಿಗಳ ದಿಂಡಿಯಲ್ಲಿ ಮೃದಂಗದಂಥ ಪಖವಾಜು ನುಡಿಸುತ್ತಿದ್ದವರಂತೆ, ಎಲ್ಲರೂ ಬುವಾ ಎನ್ನುತ್ತಿದ್ದರು. ಪಾಳಿ ತಪ್ಪಿ ಬೆಳಗಿನತನಕ ಕೂತಿದ್ದವರು ಇವರೇ. ನಾನು ಒಂದು ಟೈರಿನ ಮೇಲೆ ಗೋಣಿಚೀಲ ಹಾಸಿ ಕೂರಿಸಿದೆ. ಎಂಜಿನ್ ಇನ್ನೂ ಕುಂಟುತ್ತ ಓಡುತ್ತಲೇ ಇತ್ತು. ಅವರು ಕಣ್ಣು ಮುಚ್ಚಿಕೊಂಡರು. ತಲೆ ಸುತ್ತುತ್ತಿದೆಯೇನೋ ಅಂತ ನಾನು ನೀರು ತರಿಸಿದೆ.

“ಬಂದ್ ಮಾಡಬೇಡಿ” ಎಂದರು. “ಇನ್ನೂ ಸಾವಕಾಶ ಓಡಿಸಲಿಕ್ಕೆ ಬರುತ್ತದೆಯೇ?”

ಬರುತ್ತದೆ. ಸ್ಪೀಡಿನ ಸ್ಕ್ರೂ ತಿರುಗಿಸಿ ಇನ್ನೇನು ನಿಂತೇ ಹೋಗುತ್ತದೆ ಎನ್ನುವಷ್ಟು ಇಳಿಸಿದೆ. ಗಾಡಿ ಮೈಯೆಲ್ಲ ಅಲುಗತೊಡಗಿತು. ಬುವಾ ಬಲಗೈಯ ಬೆರಳುಗಳಿಂದ ತೊಡೆಯ ಮೇಲೆ ಬಾರಿಸತೊಡಗಿದರು.

“ಶೇಠ್, ನಿಮ್ಮ ಎಂಜಿನ್ ನಾಲ್ಕು ಮಾತ್ರೆಯ ತಾಳದ ಠೇಕಾ ಹಿಡಿದಿದೆ. ಮೂರು ಪೆಟ್ಟು, ಒಂದು ಖಾಲಿ. ಮೂರು ಪೆಟ್ಟು, ಒಂದು ಖಾಲಿ. ಹೌದೋ ಅಲ್ಲವೋ?”

ಒಂದು ಸಿಲಿಂಡರಿನ ಪೈಪು ಸಡಿಲಿಸಿದ್ದೇನೆ, ನಾಲ್ಕರಲ್ಲಿ ಮೂರೇ ಹೊಡೆಯುತ್ತಿವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಬಾನೆಟ್ಟಿನ ಒಳಗೆ ಅವರು ನೋಡಿಯೂ ಇರಲಿಲ್ಲ.

“ಹೌದು ಬುವಾ.”

“ಹಾಗಾದರೆ ಈ ಖಣ್ ಅನ್ನುವವನು ಇವರ ಮೇಳದವನಲ್ಲ. ಇವರವನಾಗಿದ್ದರೆ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ಬೀಳುತ್ತಿದ್ದ. ಮೊದಲ ಪೆಟ್ಟಾದ ಸಮಕ್ಕಾದರೂ ಬೀಳಲಿ, ಖಾಲಿಗಾದರೂ ಬೀಳಲಿ, ಅಲ್ಲೇ ಬೀಳಬೇಕು. ಇವನು ಜಾರುತ್ತಾನೆ ನೋಡಿ. ಈಗ ಖಾಲಿಯ ಮೇಲೆ ಬಿದ್ದ. ಈಗ ಅದರ ಮುಂದೆ. ಈಗ ಇನ್ನೂ ಮುಂದೆ. ಇವನಿಗೆ ಇವನದೇ ಬೇರೆ ಲಯ ಇದೆ. ಬೇರೆ ಯಾರೋ ಬೇರೆ ಕಡೆ ಕೂತು ಬಾರಿಸುತ್ತಿದ್ದಾರೆ.”

ನಾನು ಕಿವಿಗೊಟ್ಟೆ. ಮೊದಲು ಏನೂ ಸಿಗಲಿಲ್ಲ. ಅವರು ನನ್ನ ಕೈ ಹಿಡಿದು ಮಣಿಕಟ್ಟಿನ ಮೇಲೆ ಬೆರಳಿನಿಂದ ಮೂರು ಪೆಟ್ಟು, ಒಂದು ಬಿಡುವು ಹಾಕುತ್ತ ಹೋದರು. ಆಗ ಸಿಕ್ಕಿತು. ಖಣ್ ಎನ್ನುವುದು ಬಿಡುವಿನಿಂದ ಜಾರಿ ಪೆಟ್ಟಿನ ಮೇಲೆ ಬಂತು, ಪೆಟ್ಟಿನಿಂದ ಜಾರಿ ನಡುವೆ ಬಿತ್ತು. ಇಷ್ಟು ವರ್ಷ ನಾನು ಎಂಜಿನ್ನಿಗೆ ಕಿವಿಯಿಟ್ಟು ಸದ್ದು ಎಲ್ಲಿದೆ, ಎಷ್ಟು ಜೋರಾಗಿದೆ ಅಂತ ಕೇಳುತ್ತಿದ್ದೆ. ಯಾವಾಗ ಬೀಳುತ್ತದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಎಂಜಿನ್ನಿನಲ್ಲಿ ಕ್ರ್ಯಾಂಕ್ ಆಗಲಿ, ಪಿಸ್ಟನ್ ಆಗಲಿ, ವಾಲ್ವ್ ಆಗಲಿ, ಎಲ್ಲ ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ತಿರುಗುತ್ತವೆ. ಎರಡು ಸುತ್ತಿಗೆ ಎಲ್ಲರೂ ಮತ್ತೆ ಅದೇ ಜಾಗಕ್ಕೆ ಬರಲೇಬೇಕು. ಜಾರುವ ಸದ್ದು ಅಲ್ಲಿಯದಾಗಲು ಸಾಧ್ಯವೇ ಇಲ್ಲ. ಬೆಲ್ಟು ಬಿಚ್ಚಿ ನೋಡಿಯಾಗಿದೆ. ಇನ್ನುಳಿದದ್ದು ಒಂದೇ. ಗೇರ್ ಬಾಕ್ಸಿನ ಒಳಗೆ ಕೆಳಗಡೆ ಲೇಶಾಫ್ಟ್ ಅಂತ ಒಂದಿದೆ. ಅದು ಎಂಜಿನ್ನಿನ ಜೊತೆಗೇ ತಿರುಗಿದರೂ ಹಲ್ಲುಗಳ ಸಂಖ್ಯೆ ಬೇರೆಯಾದ್ದರಿಂದ ನಿಧಾನವಾಗಿ, ತನ್ನದೇ ಲೆಕ್ಕದಲ್ಲಿ ತಿರುಗುತ್ತದೆ. ಆದರೆ ಕ್ಲಚ್ ಒತ್ತಿದರೂ ಸದ್ದು ನಿಲ್ಲಲಿಲ್ಲವಲ್ಲ? ನನ್ನ ಪರೀಕ್ಷೆ ಒಂದು ಕಡೆ, ಬುವಾ ಅವರ ಕಿವಿ ಒಂದು ಕಡೆ. ತಲೆಯ ಮೇಲೆ ಚೈನ್ ಪುಲ್ಲಿ ತೂಗುತ್ತಿತ್ತು. ಎಂಜಿನ್ ಇಳಿಸುವುದೋ ಬಿಡುವುದೋ?

“ಪುಲ್ಲಿ ಬಿಚ್ಚು” ಎಂದೆ ಫಿಟ್ಟರನಿಗೆ. ಬುವಾ ಅವರನ್ನು ನಂಬಿದೆ. ನಂಬಿದ ಮೇಲೆ ತಪ್ಪಿದ್ದು ನನ್ನ ಪರೀಕ್ಷೆ ಅಂತ ಆಯಿತು, ಹಾಗಾದರೆ ಪರೀಕ್ಷೆಯನ್ನೇ ಪರೀಕ್ಷಿಸಬೇಕು.

ಗಾಡಿಯ ಕೆಳಗೆ ನುಗ್ಗಿದೆ. ಹಿಂದಿನ ಶಾಫ್ಟ್ ಇನ್ನೂ ಕೂಡಿಸಿರಲಿಲ್ಲವಾದ್ದರಿಂದ ಗೇರ್ ಬಾಕ್ಸಿನ ತುದಿ ಕಣ್ಣೆದುರಿಗೇ ಇತ್ತು. ಫಿಟ್ಟರ್ ಕ್ಲಚ್ ಪೂರ್ತಿ ಒತ್ತಿ ಗೇರ್ ಹಾಕಿದ. ಕ್ಲಚ್ ಎಂಜಿನ್ನಿನ ಸಂಬಂಧ ಬಿಡಿಸಿದ್ದರೆ ಆ ತುದಿ ನಿಲ್ಲಬೇಕಿತ್ತು. ಗರಗರ ತಿರುಗುತ್ತಿತ್ತು! ಪೆಡಲ್ ಒತ್ತಿದರೂ ಕ್ಲಚ್ ಬಿಡಿಸುತ್ತಲೇ ಇರಲಿಲ್ಲ. ಕ್ಲಚ್ಚಿನ ಎಣ್ಣೆ ಪೈಪಿನಲ್ಲಿ ಗಾಳಿ ಸೇರಿತ್ತು, ರಾಹುಕಾಲದ ಗಡಿಬಿಡಿಯಲ್ಲಿ ಅದನ್ನು ತೆಗೆಯುವುದನ್ನು ನಾವಿಬ್ಬರೂ ಮರೆತಿದ್ದೆವು. ಚಕ್ರಕ್ಕೆ ಶಾಫ್ಟ್ ಕೂಡಿಸಿದ್ದರೆ ಗೇರ್ ಹಾಕಿದ ಕ್ಷಣಕ್ಕೇ ಕರ್ರೆಂದು ಗೊತ್ತಾಗುತ್ತಿತ್ತು. ಕೂಡಿಸಿರಲಿಲ್ಲ, ಗೊತ್ತಾಗಲಿಲ್ಲ. ನಿಲ್ಲದ ಗೇರುಗಳನ್ನು ನಿಂತಿವೆ ಅಂದುಕೊಂಡು ನಾನು ತೀರ್ಪು ಕೊಟ್ಟಿದ್ದೆ.

ಪೈಪಿನ ಗಾಳಿ ತೆಗೆದೆವು. ಕಾಲು ಗಂಟೆಯ ಕೆಲಸ. ಮತ್ತೆ ಚಾಲೂ. ಖಣ್ ಖಣ್ ಖಣ್.

“ಒತ್ತು.”

ಸದ್ದು ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತಿತು. ನಾಸಿಕದ ಎಂಜಿನ್ ಲೋಟದ ನೀರು ಚೆಲ್ಲದ ಹಾಗೆ ಓಡುತ್ತಿದ್ದ ಅದೇ ದನಿಯಲ್ಲಿ ಓಡುತ್ತಿತ್ತು, ಒಂದು ಸಿಲಿಂಡರಿನ ಕುಂಟು ಬಿಟ್ಟರೆ.

“ಅಬ್ಬಾ!” ಎಂದುಬಿಟ್ಟೆ. ಕನ್ನಡದಲ್ಲೇ. ಡ್ರೈವರ್ ಬುವಾ ಅವರ ಕಾಲು ಮುಟ್ಟಿದ. ಬುವಾ ಸಂಕೋಚದಿಂದ ಕಾಲು ಹಿಂದೆ ಎಳೆದುಕೊಂಡು, “ಅರೇ, ನಾನೇನು ಮಾಡಿದೆ? ಕೂತಿದ್ದೆ, ಕೇಳಿಸಿತು. ಈಗ ಮನೆಗೆ ಬಿಡಪ್ಪಾ, ಸುಸ್ತಾಗಿದೆ” ಎಂದರು.

ಭಾನುವಾರ ಗೇರ್ ಬಾಕ್ಸ್ ಇಳಿಸಿದೆವು. ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆಯನ್ನು ಟ್ರೇಗೆ ಬಸಿದಾಗ ಅದರ ಜೊತೆ ನಾಲ್ಕೈದು ಅಕ್ಕಿಕಾಳು ಬಂದವು. ಹಳದಿ ಬಣ್ಣದವು. ನಾನೂ ಫಿಟ್ಟರನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಲಿನ ಮುಚ್ಚಳ ತೆಗೆದು ಟಾರ್ಚ್ ಹಿಡಿದು ಲೇಶಾಫ್ಟನ್ನು ಕೈಯಿಂದ ತಿರುಗಿಸುತ್ತ ಹೋದೆ. ದೊಡ್ಡ ಗೇರಿನ ಎರಡು ಹಲ್ಲುಗಳ ನಡುವೆ ಒಂದು ರೂಪಾಯಿಯ ನಾಣ್ಯ, ಬಾಯಿಗೆ ಹಾಕಿಕೊಳ್ಳುವ ವೀಳ್ಯದೆಲೆಯ ಹಾಗೆ ಮಡಚಿಕೊಂಡು ಕಚ್ಚಿ ಕೂತಿತ್ತು. ಆ ಜಾಗ ಒಂದೊಂದು ಸಲ ಮೇಲೆ ಬಂದಾಗಲೂ ಎದುರಿನ ಹಲ್ಲು ಅದಕ್ಕೆ ಬಡಿಯುತ್ತಿತ್ತು.

ಎಲ್ಲ ಕಣ್ಣಿಗೆ ಕಟ್ಟಿತು. ಆರತಿ ತಟ್ಟೆಯಲ್ಲಿ ಅಡಿಕೆಯ ಪಕ್ಕ ನಾಣ್ಯ ಇಡುವುದು ವಾಡಿಕೆ. ಫಿಟ್ಟರ್ ಗೇರ್ ಕಡ್ಡಿ ಕೂರಿಸಲೆಂದು ಗೇರ್ ಬಾಕ್ಸಿನ ತೂತಿಗೆ ಮುಚ್ಚಿದ್ದ ಬಟ್ಟೆ ಆಗಷ್ಟೇ ತೆಗೆದಿದ್ದ. ನಾನು ಗದರಿಸಿ ಅವನನ್ನು ಇಳಿಸಿದೆ. ಬಾಯ್ತೆರೆದ ತೂತಿನ ಮೇಲೇ ಹೆಂಡತಿ ಸ್ಟೇರಿಂಗಿಗೆ ಅಕ್ಷತೆ ಹಾಕಿದ್ದಳು, ತಟ್ಟೆ ವಾಲಿತ್ತು. ಕೆಳಗಿನಿಂದ ನಾನು ಬೇಗ ಬೇಗ ಎಂದು ಕೂಗುತ್ತಿದ್ದೆ.

ಬುತ್ತಿ ತಂದ ಹೆಂಡತಿಗೆ ನಾಣ್ಯ ತೋರಿಸಿದೆ. ಅವಳು ಬಾಯಿಗೆ ಸೆರಗು ಹಚ್ಚಿಕೊಂಡಳು.

“ಅಯ್ಯ ಶಿವನೇ! ಮನೀಗಿ ಹೋಗಿ ತಾಟು ತೊಳ್ಯಾಗ ನೋಡೀನ್ರಿ, ರೂಪಾಯಿ ಇರಲಿಲ್ಲ. ಫೋನ್ ಹಚ್ಚಿ ಹೇಳಬೇಕಂತ ಮಾಡ್ದೆ.”

“ಹೇಳಬೇಕಾಗಿತ್ತಲ್ಲ ಮತ್ತ?”

“ನಿಮಗಾ? ಎಂಜಿನ್ ಹಂಗ ಬಡೀಲಕತ್ತಿತ್ತು, ನೀವು ಅದಕ್ಕಿಂತ ಜೋರ ಒದರಲಕತ್ತಿದ್ರಿ. ಒಂದ್ ರೂಪಾಯಿ ಸಲುವಾಗಿ ಯಾರು ಬೈಸ್ಕೋಬೇಕ್ರಿ?”

ಫಿಟ್ಟರನಿಗೆ ಕನ್ನಡ ಬಾರದು. ಆದರೂ ಅವನು ಆ ಕಡೆ ಮುಖ ತಿರುಗಿಸಿಕೊಂಡು ನಕ್ಕ. ಶುಕ್ರವಾರ ಅವನೇನು ಹೇಳಹೊರಟಿದ್ದ ಅಂತ ಕೇಳಿದೆ. “ಕಡ್ಡಿ ಕೂರಿಸಿಯೇ ಪೂಜೆ ಮಾಡೋಣ ಅಂತ” ಎಂದ. ನನಗೆ ನನ್ನ ಮೇಲೇ ನಾಚಿಕೆಯಾಯಿತು. ನನ್ನ ಸಿಟ್ಟಿಗೆ ಹೆದರಿ ಇಬ್ಬರು ಬಾಯಿ ಮುಚ್ಚಿಕೊಂಡಿದ್ದರಿಂದ ಆರು ಜನರ ಪ್ರಾಣ ಅಲ್ಲಾಡುವುದರಲ್ಲಿತ್ತು.

ನಾಣ್ಯ ಎಬ್ಬಿಸಿ, ಲೇಶಾಫ್ಟ್ ಹೊರಗೆ ತೆಗೆದೆವು. ಒಂದು ಹಲ್ಲಿನ ಅಂಚಿಗೆ ಮಾತ್ರ ಗೀರು ಬಿದ್ದಿತ್ತು. ಬಿರುಕಿದ್ದರೆ ಇಡೀ ಗೇರ್ ಬದಲಿಸಬೇಕು. ಸೀಮೆಎಣ್ಣೆಯಲ್ಲಿ ಒಂದು ಗಂಟೆ ನೆನೆಸಿ, ಚೆನ್ನಾಗಿ ಒರೆಸಿ, ಹಲ್ಲುಗಳ ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದೆ. ಬಿರುಕಿನೊಳಗೆ ಎಣ್ಣೆ ಅಡಗಿದ್ದರೆ ಹೊರಗೆ ಒಸರಿ ಬಿಳಿಯ ಮೇಲೆ ಗೆರೆ ಮೂಡುತ್ತದೆ. ಊಟ ಮಾಡಿ ಬಂದು ನೋಡಿದೆ, ಚಹಾ ಕುಡಿದು ಬಂದು ಮತ್ತೆ ನೋಡಿದೆ. ಗೆರೆ ಮೂಡಲಿಲ್ಲ. ಗೀರನ್ನು ಸಾಣೆಕಲ್ಲಿನಿಂದ ಉಗುರಿಗೆ ತಾಗದಷ್ಟು ನಯ ಮಾಡಿದೆ. ಬೇರಿಂಗುಗಳನ್ನು ತೊಳೆದು ಒಂದೊಂದಾಗಿ ಬೆರಳ ಮೇಲೆ ತಿರುಗಿಸಿ ನೋಡಿದೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೂಡಿಸಿ, ಈ ಸಲ ಕಡ್ಡಿ ಸಿಕ್ಕಿಸಿ, ಶಾಫ್ಟ್ ಬಿಗಿದು, ಗಂಗಾಪುರದವರೆಗೆ ಹೋಗಿ ಬಂದೆ. ಕಿಟಕಿಯ ಗಾಜು ಮೇಲೇರಿಸಿ, ಉಸಿರು ಬಿಗಿಹಿಡಿದು ಕೇಳಿದೆ. ಟೈರಿನ ಸದ್ದು, ಗಾಳಿಯ ಸದ್ದು, ಅಷ್ಟೇ.

ಬಂದವನೇ ನಾಸಿಕಕ್ಕೆ ಫೋನ್ ಮಾಡಿದೆ. ನಾಣ್ಯದಿಂದ ಹಿಡಿದು ಕ್ಲಚ್ಚಿನ ಗಾಳಿಯವರೆಗೆ ಒಂದೂ ಬಿಡದೆ ಹೇಳಿದೆ.

“ಅಣ್ಣಾರ, ತಪ್ಪು ನಂದೇ ಅದರಿ. ಬಾಯಿಗಿ ಬಂದಂಗ ಮಾತಾಡ್ದೆ. ಹೊಟ್ಟ್ಯಾಗ ಹಾಕ್ಕೋರಿ.”

“ಎಂಟು ದಿನದಾಗ ವಾಪಸ್ ಬಂದ ಎಂಜಿನ್ ಭಾಳ ನೋಡೀನಿ. ವಾಪಸ್ ಬಂದ ಮಾತು ಇದೇ ಮೊದಲು” ಎಂದು ಅವರು ನಕ್ಕರು. ಆಮೇಲೆ, “ಆ ಮುದುಕರನ್ನ ಒಮ್ಮೆ ನನ್ನ ಗೋದಾಮಿಗಿ ಕರ್ಕೊಂಡ್ ಬಾ ತಮ್ಮಾ” ಎಂದರು.

ಮಂಗಳವಾರ ಬೆಳಗ್ಗೆ ನಾನೂ ಗಾಡಿ ಹತ್ತಿದೆ. ಮೊದಲ ದಿನ ನಾನೇ ಜೊತೆಗಿರುತ್ತೇನೆ ಅಂತ ಡ್ರೈವರನಿಗೆ ಹೇಳಿದ್ದು ನೆಪ, ಬುವಾ ಪಕ್ಕದಲ್ಲಿ ಕೂರಬೇಕಿತ್ತು ನನಗೆ. ಸಜ್ಜೆ ಹೊಲ, ಹತ್ತಿ ಹೊಲ ಹಿಂದೆ ಹೋಗುತ್ತಿದ್ದವು.

“ಬುವಾ, ಅಷ್ಟು ಸೂಕ್ಷ್ಮ ಹೇಗೆ ಕೇಳಿಸಿತು ನಿಮಗೆ? ಪಖವಾಜಿನ ರಿಯಾಜೇ?”

ಅವರು ಎಡಗೈ ತೋರಿಸಿದರು. ಮೊಣಕೈ ಕೆಳಗೆ ನರ ಹಗ್ಗದಷ್ಟು ದಪ್ಪ ಉಬ್ಬಿತ್ತು. ಸೂಜಿ ಚುಚ್ಚಲು ಆಪರೇಷನ್ ಮಾಡಿ ಕೂಡಿಸಿದ ನರ, ಅದಕ್ಕೆ ಪೆಟ್ಟು ಬೀಳಬಾರದು. ಪಖವಾಜು ಮುಟ್ಟದೆ ಎರಡು ವರ್ಷವಾಯಿತಂತೆ.

“ಕೈ ನಿಂತಿತು. ಮೊದಮೊದಲು ಆ ಹಾಸಿಗೆಯ ಮೇಲೆ ನಾಲ್ಕು ತಾಸು ಬರೀ ಅಳುತ್ತಿದ್ದೆ ಶೇಠ್. ಒಂದು ದಿನ ಗಮನಕ್ಕೆ ಬಂತು, ಆ ಮೆಷಿನ್ನಿನಲ್ಲಿ ರಕ್ತ ತಳ್ಳುವ ಚಕ್ರ ತಿರುಗುವಾಗ ಸಣ್ಣಗೆ ಒಂದು ಪೆಟ್ಟು ಬರುತ್ತದೆ. ನನ್ನದಕ್ಕೆ ಒಂದು ಲಯ, ಪಕ್ಕದವರದಕ್ಕೆ ಇನ್ನೊಂದು. ಒಬ್ಬೊಬ್ಬರಿಗೆ ಒಂದೊಂದು ವೇಗ ಇಟ್ಟಿರುತ್ತಾರೆ. ಎರಡೂ ಜಾರುತ್ತ ಜಾರುತ್ತ ಒಂದು ಸಲ ಕೂಡುತ್ತವೆ. ಎಷ್ಟು ಆವರ್ತಕ್ಕೆ ಕೂಡುತ್ತವೆ ಅಂತ ಎಣಿಸತೊಡಗಿದೆ. ಮೊದಲು ಎರಡು ಮೆಷಿನ್. ಆಮೇಲೆ ಮೂರು. ಈಗ ಆರರತನಕ ಬರುತ್ತದೆ. ರಿಯಾಜ್ ಅಲ್ಲಿಯೇ ನಡೆದಿದೆ.”

“ನನಗೂ ಒಂದು ಸಲ ಕೇಳಿಸಿ ಬುವಾ” ಎಂದೆ.

ಡಯಾಲಿಸಿಸ್ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಬುವಾ ಸಿಸ್ಟರನ್ನು ಬೇಡಿಕೊಂಡು, ಐದೇ ನಿಮಿಷ ಅಂತ ಒಪ್ಪಿಸಿದರು. ಚಪ್ಪಲಿ ಬಿಟ್ಟು, ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದೆ. ಹಿಂದಿನ ದಿನ ನಾನು ಓಡಿಸಿ ನೋಡಿದ ಗಾಡಿಯಿಂದ ಇಳಿದ ಆರೂ ಜನ ಸಾಲಾಗಿ ಮಲಗಿದ್ದರು. ಒಬ್ಬ ಹೆಣ್ಣುಮಗಳಿಗೆ ನನ್ನ ತಂಗಿಯ ವಯಸ್ಸು. ಅವರ ರಕ್ತ ತೆಳುವಾದ ಪೈಪಿನಲ್ಲಿ ಹೊರಗೆ ಬಂದು, ಸುತ್ತಿ, ಮತ್ತೆ ಒಳಗೆ ಹೋಗುತ್ತಿತ್ತು. ಇಷ್ಟು ದಿನ ನಾನು ರಿಪೇರಿ ಮಾಡಿದ್ದು ಇದನ್ನೇ ಅಂತ ಅಲ್ಲಿ ನಿಂತಾಗ ಅರ್ಥವಾಯಿತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಕೋಣೆಯಲ್ಲಿ ಒಂದು ಗುಂಯ್ ಎನ್ನುವ ಸದ್ದು ಬಿಟ್ಟರೆ ನನಗೇನೂ ಕೇಳಿಸಲಿಲ್ಲ. ಬುವಾ ಬಲಗೈಯಿಂದ ಹತ್ತಿರ ಕರೆದರು. ನನ್ನ ಮಣಿಕಟ್ಟು ಹಿಡಿದು, ಬೆರಳಿನಿಂದ ಮೆಲ್ಲಗೆ ಪೆಟ್ಟು ಹಾಕತೊಡಗಿದರು. ಅವರ ಮೆಷಿನ್ನಿನ ಪೆಟ್ಟು ಸಿಕ್ಕಿತು. ಆಮೇಲೆ, ಎಷ್ಟೋ ಹೊತ್ತಿಗೆ, ಪಕ್ಕದ ಹೆಣ್ಣುಮಗಳದು. ಅದು ಹಿಂದೆ ಇತ್ತು. ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಸಿಸ್ಟರ್ ಬಾಗಿಲಲ್ಲಿ ನಿಂತು ಹೊರಗೆ ಬನ್ನಿ ಎಂದು ಕೈಸನ್ನೆ ಮಾಡುತ್ತಿದ್ದಳು.

“ತಡೀರಿ ಸಿಸ್ಟರ್” ಎಂದೆ, “ಇನ್ನೊಂದೇ ಸುತ್ತು.”

ಬುವಾ ಬೆರಳು ಎತ್ತಿ ಹಿಡಿದರು. ಎರಡೂ ಒಟ್ಟಿಗೆ ಬಿದ್ದವು. ನನಗೂ ಕೇಳಿಸಿತು.